ತುಟಿ ನೋಡಿ ಮಾತು ತಿಳಿಯುವವರಿಗೂ ಅಂಗಡಿಯಲ್ಲಿ ಜಾಗ ಬೇಕು

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಕಾಸರಗೋಡು

ಎಣ್ಮಕಜೆ, 5 ಮೇ 2022

ವಿಷಯ: ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯದ ನಿಯಮ ಮತ್ತು ಕಿವಿ ಕೇಳದವರು

ಮಾನ್ಯರೇ,

ನಾನು ಎಣ್ಮಕಜೆ ಪಂಚಾಯತಿನವಳು. ಇಲ್ಲಿಯದೇ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದು ಐವತ್ತಾರು ತುಂಬಿದಾಗ ನಿವೃತ್ತಳಾದೆ. ಮೂವತ್ತೆಂಟರ ಪ್ರಾಯದಲ್ಲಿ ನನ್ನ ಎರಡೂ ಕಿವಿಗಳ ನರ ಸೋಲತೊಡಗಿತು. ಈಗ ಎರಡರಲ್ಲೂ ನಷ್ಟ 70 ಡೆಸಿಬೆಲ್ ದಾಟಿದೆ, ಅಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಲೆಕ್ಕದಲ್ಲಿ ನಾನು ಕಿವುಡಿ. ಆದರೆ ಮಾತು ಬಂದ ಮೇಲೆ, ಓದು ಬರಹ ಕಲಿತು ಕಲಿಸಿದ ಮೇಲೆ ಕಿವಿ ಹೋದದ್ದರಿಂದ ನನ್ನ ಮಾತು ಸರಿಯಾಗಿಯೇ ಇದೆ, ಮತ್ತು ಆ ಕಾರಣಕ್ಕೇ ನನಗೆ ಕೇಳಿಸುವುದಿಲ್ಲವೆಂಬುದು ಎದುರಿಗಿರುವವರಿಗೆ ತಟ್ಟನೆ ಹೊಳೆಯುವುದಿಲ್ಲ. ಕಿವಿಗೆ ಶ್ರವಣಯಂತ್ರ ಹಾಕಿಕೊಂಡರೆ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಆ ಸದ್ದನ್ನು ಮಾತಾಗಿಸುವುದು ಎದುರಿನವರ ತುಟಿ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಾನು ಲೋಕದ ಜತೆ ವ್ಯವಹರಿಸುತ್ತಿರುವುದು ತುಟಿ ನೋಡಿ.

ಏಪ್ರಿಲ್ 27ರಂದು ಕೇರಳ ಸರಕಾರವು ಕೋವಿಡ್ ತಡೆಗೆಂದು ಸಾರ್ವಜನಿಕ ಸ್ಥಳಗಳಲ್ಲಿ ಮಾಸ್ಕನ್ನು ಮತ್ತೆ ಕಡ್ಡಾಯಗೊಳಿಸಿ, ಧರಿಸದವರಿಗೆ ದಂಡವೆಂದು ಹೇಳಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ. ಮೊದಲೇ ಸ್ಪಷ್ಟಪಡಿಸುತ್ತೇನೆ: ನಾನು ಮಾಸ್ಕಿನ ವಿರೋಧಿಯಲ್ಲ. ಲಸಿಕೆಯ ಎರಡೂ ಡೋಸ್ ತೆಗೆದುಕೊಂಡಿದ್ದೇನೆ, ಮನೆಯ ಗೇಟು ದಾಟುವ ಮೊದಲೇ ಮಾಸ್ಕ್ ಹಾಕಿಕೊಳ್ಳುತ್ತೇನೆ, ಹೃದಯದ ತೊಂದರೆಯಿರುವ ಪತಿಯ ಜತೆ ಒಂದೇ ಸೂರಿನಡಿ ಇರುವವಳಿಗೆ ಈ ರೋಗವೇನೆಂದು ಯಾರೂ ತಿಳಿಸಿಕೊಡಬೇಕಾಗಿಲ್ಲ. ನನ್ನ ಆಕ್ಷೇಪ ನನ್ನ ಮುಖದ ಮೇಲಿನ ಮಾಸ್ಕಿನ ಕುರಿತಲ್ಲ. ನನ್ನೊಡನೆ ಮಾತಾಡಬೇಕಾದ ಅಂಗಡಿಯವರು ಅರೆ ನಿಮಿಷವೂ ತಮ್ಮ ಮಾಸ್ಕನ್ನು ಗಲ್ಲಕ್ಕೆ ಇಳಿಸಬಾರದು, ಇಳಿಸಿದರೆ ಅದು ಅಪರಾಧ ಎಂಬಂತೆ ನಿಯಮ ಜಾರಿಯಾಗುತ್ತಿರುವುದರ ಕುರಿತು, ಮತ್ತು ಎರಡು ವರ್ಷ ಕಳೆದರೂ ನನ್ನಂಥವರು ಈ ಜಿಲ್ಲೆಯಲ್ಲಿ ಇದ್ದೇವೆಂಬುದನ್ನೇ ಅದು ಗಮನಿಸದಿರುವುದರ ಕುರಿತು.

ನಮ್ಮ ಪೇಟೆಯ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಎಷ್ಟು ಭಾಷೆಗಳು ಕಿವಿಗೆ ಬೀಳುತ್ತವೆಂಬುದು ತಮಗೂ ಗೊತ್ತಿರುತ್ತದೆ. ಅಂಗಡಿಯವರು ಒಬ್ಬರೊಡನೆ ತುಳುವಿನಲ್ಲಿ, ಮತ್ತೊಬ್ಬರೊಡನೆ ಮಲೆಯಾಳದಲ್ಲಿ, ಮೂರನೆಯವರೊಡನೆ ಬ್ಯಾರಿಯಲ್ಲಿ ಮಾತಾಡುತ್ತ ನನ್ನ ಕಡೆ ತಿರುಗಿದಾಗ ಕನ್ನಡಕ್ಕೆ ಬರುತ್ತಾರೆ. ಗಡಿಬಿಡಿಯಲ್ಲಿದ್ದರೆ ಬರುವುದೂ ಇಲ್ಲ. ಕೇಳಿಸುವವರಿಗೆ ಇದು ನಮ್ಮ ನಾಡಿನ ಸೊಗಸು, ನನಗೂ ಸೊಗಸೇ. ಆದರೆ ನನಗೆ ಮೊದಲು ತಿಳಿಯಬೇಕಾದದ್ದು ಅವರು ಏನು ಹೇಳುತ್ತಿದ್ದಾರೆ ಎಂಬುದಲ್ಲ, ಯಾವ ಭಾಷೆಯಲ್ಲಿ ಹೇಳುತ್ತಿದ್ದಾರೆ ಎಂಬುದು. ಅದನ್ನು ಹೇಳುವುದು ತುಟಿಯೇ. ಕನ್ನಡದಲ್ಲಿ ‘ಹತ್ತು’ ಎನ್ನುವಾಗ ಬಾಯಿ ತೆರೆದುಕೊಂಡೇ ಆರಂಭವಾಗುತ್ತದೆ, ತುಳುವಿನಲ್ಲೂ ಮಲೆಯಾಳದಲ್ಲೂ ‘ಪತ್ತ್’ ಎನ್ನುವಾಗ ಎರಡು ತುಟಿಗಳು ಒಮ್ಮೆ ಕೂಡಿ ಬಿಡುತ್ತವೆ. ನಮ್ಮ ‘ಹಾಲು’ ಮಲೆಯಾಳದಲ್ಲಿ ‘ಪಾಲ್’, ತುಳುವಿನಲ್ಲಿ ‘ಪೇರ್’. ಹಕಾರ ಪಕಾರಗಳ ಈ ಸಂಬಂಧವನ್ನು ನಾನು ಮಕ್ಕಳಿಗೆ ಹಳಗನ್ನಡ ಪಾಠ ಮಾಡುವಾಗ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಕಿವಿ ಹೋದ ಮೇಲೆ ಅದೇ ನನಗೆ ಅಂಗಡಿಯಲ್ಲಿ ದಾರಿ ತೋರಿಸುವ ಗುರುತಾಯಿತು. ಆ ಒಂದು ಕ್ಷಣದ ತುಟಿಯ ಕೂಡುವಿಕೆ ಕಂಡರೆ ನನ್ನ ಮನಸ್ಸು ಆ ಭಾಷೆಗೆ ತಿರುಗಿಕೊಳ್ಳುತ್ತದೆ, ಮುಂದಿನ ಮಾತು ಹಿಡಿಯಲು ಸಿದ್ಧವಾಗುತ್ತದೆ. ಮಾಸ್ಕ್ ಇದ್ದರೆ ನನಗೆ ಭಾಷೆಯೂ ಇಲ್ಲ, ಮಾತೂ ಇಲ್ಲ, ಮೇಲೆ ಕೆಳಗೆ ಆಡುವ ಎರಡು ಹುಬ್ಬುಗಳು ಮಾತ್ರ.

ತುಟಿ ಓದುವುದೆಂದರೆ ಪುಸ್ತಕ ಓದಿದಂತೆ ಎಂದು ತಿಳಿದವರಿದ್ದಾರೆ. ಹಾಗಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ‘ಬರ’ ಎಂದರೂ ‘ಮರ’ ಎಂದರೂ ಕಾಣುವುದು ಒಂದೇ ಚಲನೆ. ಕ, ಗ ಗಂಟಲಲ್ಲಿ ಹುಟ್ಟಿ ಅಲ್ಲೇ ಮುಗಿಯುವುದರಿಂದ ಕಾಣುವುದೇ ಇಲ್ಲ. ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಹೆಚ್ಚುಕಡಿಮೆ ಒಂದೇ ಬಗೆ, ಬಾಯಿಯ ಅಂಚು ಎಷ್ಟು ಅಗಲವಾಯಿತೆಂಬುದರ ಮೇಲೆ ಊಹಿಸಬೇಕು. ಯಂತ್ರದಿಂದ ಬರುವ ಅರೆ ಸದ್ದು, ತುಟಿ, ಕೆನ್ನೆ, ಎದುರಿಗಿರುವ ವಸ್ತು ಎಲ್ಲ ಸೇರಿ ಒಂದು ವಾಕ್ಯವಾಗುತ್ತದೆ. ಮಾಸ್ಕ್ ಇವುಗಳಲ್ಲಿ ಎರಡನ್ನು ಪೂರ್ತಿ ಮುಚ್ಚುತ್ತದೆ, ಉಳಿದ ಸದ್ದನ್ನೂ ಕುಗ್ಗಿಸುತ್ತದೆ: ಸಾದಾ ಸರ್ಜಿಕಲ್ ಮಾಸ್ಕ್ ಮೂರು ನಾಲ್ಕು ಡೆಸಿಬೆಲ್, ಎನ್-95 ಆದರೆ 12 ಡೆಸಿಬೆಲ್‌ವರೆಗೆ, ಅದೂ ಸ, ಶ, ತ ಮುಂತಾದ ವ್ಯಂಜನಗಳಿರುವ ಎತ್ತರದ ಶ್ರುತಿಯಲ್ಲಿ. ನನ್ನಂಥವರ ನರ ಮೊದಲು ಸೋತಿರುವುದೂ ಅಲ್ಲಿಯೇ.

ಇದರಿಂದ ಏನಾಗುತ್ತದೆಂಬುದಕ್ಕೆ ನನ್ನ ಮನೆಯಲ್ಲೇ ನಡೆದದ್ದನ್ನು ಹೇಳಬೇಕು. 2021ರ ಮಳೆಗಾಲದಲ್ಲಿ ವೈದ್ಯರು ನನ್ನ ಪತಿಯ ರಕ್ತದೊತ್ತಡದ ಮಾತ್ರೆಯನ್ನು ಬದಲಾಯಿಸಿದರು. ಹೊಸ ಮಾತ್ರೆ ಹೆಚ್ಚು ಶಕ್ತಿಯದು, ಅರ್ಧ ಮಾತ್ರ ಕೊಡಬೇಕು. ಮದ್ದಿನಂಗಡಿಯ ಹುಡುಗ ಯಾವಾಗಲೂ ಕವರಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಡುವವನು, ಅಂದು ಸಾಲು ಉದ್ದವಿತ್ತು, ಬಾಯಿಯಲ್ಲಿ ಹೇಳಿದ. ಎರಡು ಮಾಸ್ಕ್ ಹಾಕಿಕೊಂಡಿದ್ದ. ಅವನು ಏನೋ ಹೇಳಿದನೆಂದು ಕಣ್ಣು ನೋಡಿ ತಿಳಿಯಿತು, ಏನೆಂದು ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಹೇಳಿದ. ಮೂರನೆಯ ಸಲ ಕೇಳಲು ನಾಚಿಕೆಯಾಗಿ ತಲೆಯಾಡಿಸಿ ಬಂದೆ. ಆ ತಲೆಯಾಡಿಸಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಕಿವಿ ಕೇಳದವರೆಲ್ಲ ದಿನಕ್ಕೆ ಎಷ್ಟೋ ಬಾರಿ ಮಾಡುವ ತಪ್ಪು ಅದು. ಎರಡು ದಿನ ಇಡೀ ಮಾತ್ರೆ ಕೊಟ್ಟೆ. ಮೂರನೆಯ ದಿನ ಬೆಳಗ್ಗೆ ಅವರು ಬಚ್ಚಲ ಬಾಗಿಲಲ್ಲಿ ಗೋಡೆಗೊರಗಿ ಹಾಗೆಯೇ ಕೆಳಗೆ ಜಾರಿ ಕುಳಿತರು, ಮುಖ ಬೆವೆತು ಬೂದಿಯಾಗಿತ್ತು. ಒತ್ತಡ ತೀರ ಇಳಿದಿತ್ತು. ದೇವರ ದಯೆಯಿಂದ ಬೇರೇನೂ ಆಗಲಿಲ್ಲ. ಅಂಗಡಿಗೆ ಹೋಗಿ ವಿಚಾರಿಸಿದರೆ ಹುಡುಗ ಬೆದರಿ, “ನಾನು ಎರಡು ಸಲ ಹೇಳಿದ್ದೆನಲ್ಲ ಟೀಚರ್” ಎಂದು ಕಾಗದದ ಮೇಲೆ ಬರೆದು ತೋರಿಸಿದ. ಹೇಳಿದ್ದು ನಿಜವೇ. ಅವನ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ.

ಅದಕ್ಕಿಂತ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲಿ ನಡೆದ ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚಾಗಿ ನನ್ನನ್ನು ಬಾಧಿಸುತ್ತದೆ. ನಾನು ಬಾಲ್ಯದಿಂದ ಹೋಗುತ್ತಿದ್ದ ಒಂದು ಜಿನಸಿನ ಅಂಗಡಿಯಿದೆ. ಈಗ ಅದನ್ನು ನಡೆಸುವವರು ನನ್ನ ಓರಗೆಯವರು. ಮಾಸ್ಕ್ ಬಂದ ಮೇಲೆ ಅವರೇ ಒಂದು ಉಪಾಯ ಕಂಡುಕೊಂಡಿದ್ದರು: ನಾನು ಬಂದದ್ದು ಕಂಡರೆ ಗಲ್ಲಾಪೆಟ್ಟಿಗೆಯಿಂದ ಹಿಂದೆ ಸರಿದು, ಕುಚ್ಚಿಲಕ್ಕಿಯ ಗೋಣಿಗಳ ಸಾಲಿನ ಆಚೆ ಹೋಗಿ ನಿಂತು, ಮಾಸ್ಕನ್ನು ಗಲ್ಲಕ್ಕಿಳಿಸಿ, “ಎಂತ ಬೇಕು ಟೀಚರೇ” ಎಂದು ನಿಧಾನವಾಗಿ ಕೇಳುತ್ತಿದ್ದರು. ನಮ್ಮ ನಡುವೆ ಎರಡು ಮಾರಿಗೂ ಹೆಚ್ಚು ಅಂತರವಿರುತ್ತಿತ್ತು, ಎದುರಿಗೆ ಷಟರ್ ಪೂರ್ತಿ ತೆರೆದ ರಸ್ತೆ. ಹಾಗೆ ನಿಂತು ಅವರು ತೆಂಗಿನೆಣ್ಣೆಯ ಕ್ರಯ ಹೇಳುತ್ತಿದ್ದಾಗಲೇ ತಪಾಸಣೆಯ ತಂಡದ ಜೀಪು ಬಂತು. 500 ರೂಪಾಯಿ ದಂಡದ ರಶೀದಿ ಹರಿದರು. ನಾನು ಕಿವಿಯ ಯಂತ್ರ ತೆಗೆದು ತೋರಿಸಿದೆ, ಇವರು ನನ್ನ ಸಲುವಾಗಿ ಇಳಿಸಿದ್ದೆಂದು ವಿನಂತಿಸಿಕೊಂಡೆ. ಬಂದವರು ಒರಟಾಗಿ ವರ್ತಿಸಲಿಲ್ಲ. ಅವರಲ್ಲೊಬ್ಬರು ಏನೋ ವಿವರಿಸಿದರು, ಅವರ ಮುಖದ ಮೇಲೂ ಮಾಸ್ಕ್ ಇದ್ದುದರಿಂದ ನನಗದು ತಲುಪಲಿಲ್ಲ. ಜೀಪು ಹೋದ ಮೇಲೆ ನಾನು ಪರ್ಸಿನಿಂದ ಹಣ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಅಂಗಡಿಯವರು ಅದನ್ನು ನನ್ನ ಕೈಗೇ ಮರಳಿಸಿ ಏನೋ ಹೇಳಿದರು. ಆಗ ಅವರ ಮಾಸ್ಕ್ ಮೂಗಿನ ಮೇಲಕ್ಕೆ ಏರಿತ್ತು. ಏನು ಹೇಳಿದರೆಂದು ನನಗೆ ಇಂದಿಗೂ ತಿಳಿಯದು.

ಅಂದಿನಿಂದ ಅವರು ನನಗಾಗಿ ಮಾಸ್ಕ್ ಇಳಿಸಲಿಲ್ಲ. ನಾನೂ ಕೇಳಲಿಲ್ಲ. ಚೀಟಿ ಬರೆದುಕೊಂಡು ಹೋಗಿ ಕೊಡುವುದು, ಅವರು ಕ್ಯಾಲ್ಕ್ಯುಲೇಟರ್ ತಿರುಗಿಸಿ ಲೆಕ್ಕ ತೋರಿಸುವುದು, ಬರುವುದು. ಐವತ್ತು ವರ್ಷದ ಪರಿಚಯ ಒಂದು ಚೀಟಿಗಿಳಿಯಿತು.

ಕಳೆದ ತಿಂಗಳು ಮಾಸ್ಕ್ ಹಾಕದವರ ಮೇಲೆ ಕೇಸು ಹಾಕುವುದು ನಿಂತ ಆ ಮೂರು ವಾರಗಳನ್ನು ನಾನು ಬಹುಕಾಲ ನೆನಪಿಟ್ಟುಕೊಳ್ಳುತ್ತೇನೆ. ವಿಷುವಿನ ಮುನ್ನಾದಿನ ಕಣಿಗೆ ಬೇಕಾದ ಸೌತೆಕಾಯಿ, ಹಣ್ಣು ಕೊಳ್ಳಲು ಹೋದಾಗ ಎಲ್ಲರ ಮುಖಗಳು ಕಾಣುತ್ತಿದ್ದವು. ತರಕಾರಿಯವರು ಬೆಲೆ ಹೇಳಿದರು, ಹೆಚ್ಚಾಯಿತೆಂದು ನಾನು ಚೌಕಾಶಿ ಮಾಡಿದೆ, ಅವರು ನಕ್ಕರು. ಚೌಕಾಶಿ ಮಾಡದೆ ಎರಡು ವರ್ಷವಾಗಿತ್ತು. ಅದಾಗಿ ಎರಡು ವಾರ ದಾಟುವಷ್ಟರಲ್ಲಿ, ಏಪ್ರಿಲ್ ಕೊನೆಯ ದಿನ, ಕಾಸರಗೋಡು ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ಲಿನ ಕೌಂಟರಿನಲ್ಲಿದ್ದ ಯುವಕ ಏನೋ ಕೇಳಿದ. ನನಗೆ ಕಿವಿ ಕೇಳಿಸದು, ಒಮ್ಮೆ ಮಾಸ್ಕ್ ಇಳಿಸಿ ಹೇಳಿ ಎಂದೆ. ಅವನು ಬಾಗಿಲಿಗೆ ಹೊಸದಾಗಿ ಅಂಟಿಸಿದ ಫಲಕದತ್ತ ಬೆರಳು ತೋರಿಸಿದ. ಬರೆದು ಕೊಡಿ ಎಂದೆ, ಪೆನ್ನಿಲ್ಲವೆಂಬಂತೆ ಕೈ ಆಡಿಸಿದ. ಹಿಂದೆ ಸಾಲಿನಲ್ಲಿದ್ದವರು ನನ್ನ ಭುಜ ತಟ್ಟಿದರು. ತಿರುಗಿದರೆ ಅಲ್ಲಿಯೂ ಮಾಸ್ಕುಗಳೇ, ಎಲ್ಲವೂ ಒಮ್ಮೆಲೇ ಅಲುಗುತ್ತಿದ್ದವು. ಸಾಮಾನನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದೆ. ಮೆಟ್ಟಿಲಲ್ಲಿ ಉಸಿರು ಕಟ್ಟಿದಂತಾಗಿ ಮಾಸ್ಕಿನ ದಾರ ಎಳೆದಾಗ ಕನ್ನಡಕದ ಕಾಲಿಗೆ ಸಿಕ್ಕಿ ಕಿವಿಯ ಯಂತ್ರವೂ ಹಾರಿ ಜಲ್ಲಿಯೊಳಗೆ ಬಿತ್ತು. ಕಿವಿಯ ಹಿಂದಿನ ಒಂದಂಗುಲ ಜಾಗದಲ್ಲಿ ಕನ್ನಡಕ, ಯಂತ್ರ, ದಾರ ಮೂರೂ ನಿಲ್ಲಬೇಕೆಂಬುದು ಯಂತ್ರ ಹಾಕುವವರಿಗೆಲ್ಲ ತಿಳಿದ ಕಷ್ಟ. ಮೊಣಕಾಲೂರಿ ಹುಡುಕಿದೆ. ಸಿಕ್ಕಿತು.

ರೋಗ ಹರಡುವ ಭಯವಿರುವಾಗ ಇಂಥ ವಿನಾಯಿತಿ ಸಾಧ್ಯವೇ ಎಂಬ ಪ್ರಶ್ನೆ ತಮ್ಮ ಮನಸ್ಸಿನಲ್ಲಿ ಬರುವುದು ಸಹಜ. ಆ ಭಯ ನನಗೂ ಗೊತ್ತು. 2020ರ ಮಾರ್ಚಿನಲ್ಲಿ ಸೋಂಕಿನಿಂದಾಗಿ ಈ ಜಿಲ್ಲೆಯ ಹೆಸರು ದೇಶವೆಲ್ಲ ಕೇಳಿಬಂದಾಗ, ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿ ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆ ತಲುಪಲಾರದೆ ಜನ ಸತ್ತದ್ದನ್ನು ಕಂಡವರು ನಾವು. ನನ್ನ ಯಂತ್ರಕ್ಕೆ ಹಾಕುವ 675 ನಂಬರಿನ ನೀಲಿ ಚೀಟಿಯ ಸೆಲ್ ಕೂಡ ಮಂಗಳೂರಿನಿಂದಲೇ ಬರಬೇಕು. ಆ ವಾರಗಳಲ್ಲಿ ಇದ್ದ ಕೊನೆಯ ಎರಡು ಸೆಲ್‌ಗಳನ್ನು ಪತಿಗೆ ಏನಾದರೂ ಆದರೆ ಬೇಕಾದೀತೆಂದು ತೆಗೆದಿಟ್ಟು ಪೂರ್ತಿ ಮೌನದಲ್ಲಿ ಕಳೆದೆ. ಹೀಗಿರುವಾಗ ರೋಗವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿರಲು ಸಾಧ್ಯವಿಲ್ಲ.

ಆದರೆ ಈ ನಿಯಮವು ಮಾಸ್ಕ್ ಇಳಿಸುವುದನ್ನು ಎಲ್ಲಿಯೂ ಒಪ್ಪುವುದಿಲ್ಲವೆಂದೇನೂ ಇಲ್ಲ. ಹೋಟೆಲುಗಳಲ್ಲಿ ಕುಳಿತು ಊಟ ಮಾಡಲು ಬಿಟ್ಟಂದಿನಿಂದ ಜನರು ನಾಲ್ಕು ಗೋಡೆಗಳ ನಡುವೆ ಒಂದೇ ಮೇಜಿನ ಸುತ್ತ ಅರ್ಧ ಗಂಟೆ ಮಾಸ್ಕಿಲ್ಲದೆ ಕುಳಿತು ತಿನ್ನುತ್ತಾರೆ, ಮಾತಾಡುತ್ತಾರೆ. ಚಹಾ ಕುಡಿಯಲು ಇಳಿಸಬಹುದಾದ ಮಾಸ್ಕನ್ನು ಮದ್ದಿನ ಪ್ರಮಾಣ ಹೇಳಲು, ಎರಡು ಮೀಟರ್ ದೂರ ನಿಂತು, ಅರೆ ನಿಮಿಷ ಇಳಿಸಬಾರದೇಕೆ? ಇನ್ನೊಂದು ಮಾತು. ಕೇಳಿಸದು ಎಂದು ಹೇಳಿದೊಡನೆ ಮಾಸ್ಕ್ ಹಾಕಿದವರು ಮಾಡುವುದೇನೆಂದರೆ ಹತ್ತಿರ ಬಂದು, ಬಗ್ಗಿ, ಗಟ್ಟಿಯಾಗಿ ಕೂಗುವುದು. ದೂರ ನಿಂತು ಮೆಲ್ಲಗೆ ಹೇಳಿದ ಮಾತಿಗಿಂತ ಮುಖದ ಬಳಿ ಬಂದು ಕೂಗಿದ ಮಾತು ಹೆಚ್ಚು ಸುರಕ್ಷಿತವೆಂದು ಯಾವ ವೈದ್ಯರೂ ಹೇಳಲಾರರು. ಇಂಗ್ಲೆಂಡಿನಲ್ಲಿ 2020ರ ಜುಲೈಯಲ್ಲಿ ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯಗೊಳಿಸಿದಾಗಲೇ, ತುಟಿ ನೋಡಿ ಮಾತು ತಿಳಿಯುವವರೊಡನೆ ಮಾತಾಡುವವರು ಅದನ್ನು ತೆಗೆಯಬಹುದೆಂದು ನಿಯಮದಲ್ಲಿಯೇ ಬರೆದಿದ್ದರು. ಅಲ್ಲಿ ಆ ಒಂದು ಸಾಲು ಬರೆಯಲು ಸಾಧ್ಯವಾದದ್ದು ಇಲ್ಲಿ ಅಸಾಧ್ಯವಾಗಬೇಕಾಗಿಲ್ಲ.

ನಾನು ಕೇಳುತ್ತಿರುವುದು ದಯೆಯಲ್ಲ. 2016ರ ಕಾಯಿದೆಯು ವಿಕಲಚೇತನರಿಗೆ ಅಗತ್ಯವಾದ ಸಮಂಜಸ ಹೊಂದಾಣಿಕೆಗಳನ್ನು ಮಾಡಿಕೊಡುವ ಹೊಣೆಯನ್ನು ಸರಕಾರದ ಮೇಲಿಟ್ಟಿದೆ. ಅದರ 8ನೇ ಕಲಮು ವಿಪತ್ತಿನ ಕಾಲದಲ್ಲಿ ನಮಗೆ ಇತರರಷ್ಟೇ ರಕ್ಷಣೆಯಿರಬೇಕೆನ್ನುವುದಲ್ಲದೆ, ಜಿಲ್ಲೆಯ ವಿಕಲಚೇತನರ ವಿವರಗಳನ್ನು ಇಟ್ಟುಕೊಂಡು ಅಪಾಯದ ಸಂದರ್ಭಗಳ ಮಾಹಿತಿಯನ್ನು ಅವರಿಗೆ ತಲುಪಿಸಲು ತಕ್ಕ ಕ್ರಮ ಕೈಗೊಳ್ಳಬೇಕಾದವರು ಯಾರೆಂದೂ ಹೆಸರಿಸುತ್ತದೆ: ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಅದರ ಅಧ್ಯಕ್ಷರು ತಾವು. ಅದಕ್ಕೆಂದೇ ಈ ಪತ್ರ ತಿರುವನಂತಪುರಕ್ಕಲ್ಲ, ತಮಗೆ. ನಮ್ಮದು ವಿಕಲಚೇತನರನ್ನು ಮರೆಯಬಹುದಾದ ಜಿಲ್ಲೆಯೂ ಅಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದರ ಫಲವನ್ನು ಉಣ್ಣುತ್ತಿರುವ ಹನ್ನೊಂದು ಪಂಚಾಯತ್‌ಗಳಲ್ಲಿ ಎಣ್ಮಕಜೆಯೂ ಒಂದು. ನನ್ನ ತರಗತಿಯಲ್ಲೇ ಕಿವಿ ಮಂದವಾದ, ಮಾತು ತಡವಾದ ಮಕ್ಕಳಿದ್ದರು. ಅವರಿಗೆ ತುಟಿ ನೋಡಲು ಹೇಳಿಕೊಡುತ್ತಲೇ ನಾನೂ ಕಲಿತೆ. ಅವರೀಗ ದೊಡ್ಡವರಾಗಿದ್ದಾರೆ, ಅವರೂ ಅಂಗಡಿಗೆ ಹೋಗುತ್ತಾರೆ, ಮತ್ತು ಅವರಲ್ಲಿ ಎಲ್ಲರಿಗೂ ನನ್ನಂತೆ ಚೀಟಿ ಬರೆಯಲು ಬಾರದು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಕಿವಿ ಕೇಳದವರು ಕೇಳಿಕೊಂಡಾಗ, ಬೇಕಿದ್ದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ತೋರಿಸಿದಾಗ, ಅಂಗಡಿಯವರು ಎರಡು ಮೀಟರ್ ಅಂತರದಲ್ಲಿ ನಿಂತು ಮಾಸ್ಕ್ ಇಳಿಸಿ ಮಾತಾಡಿದರೆ ದಂಡ ಹಾಕಬಾರದೆಂದು ತಪಾಸಣೆಗೆ ಹೋಗುವವರಿಗೆ ತಾವು ಲಿಖಿತ ಸೂಚನೆ ಕೊಡಬೇಕು. ಇದು ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಮದ್ದಿನಂಗಡಿಯಲ್ಲಿ ಪ್ರಮಾಣವನ್ನು ಬರೆದೇ ಕೊಡಬೇಕೆಂಬುದನ್ನು ಬಿಗಿಯಾಗಿ ಹೇಳಬೇಕು, ಬೇರೆ ಕೌಂಟರುಗಳಲ್ಲಿ ಒಂದು ಕಾಗದ, ಒಂದು ಪೆನ್ನು ಇರಲಿ. ರೇಶನ್ ಅಂಗಡಿ, ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಸಲ್ಲಿಸುವ ಅಕ್ಷಯ ಕೇಂದ್ರ, ಮದ್ದಿನಂಗಡಿ ಇಷ್ಟರಲ್ಲಾದರೂ ಬಾಯಿಯ ಭಾಗದಲ್ಲಿ ಪಾರದರ್ಶಕ ಹಾಳೆ ಹೊಲಿದ ಮಾಸ್ಕ್ ಬಳಸುವಂತಾದರೆ ಒಳ್ಳೆಯದು. 2020ರಲ್ಲಿ ಇಡೀ ರಾಜ್ಯಕ್ಕೆ ಬಟ್ಟೆಯ ಮಾಸ್ಕ್ ಹೊಲಿದುಕೊಟ್ಟ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಇದು ಕಷ್ಟದ ಕೆಲಸವಲ್ಲ. ಅಂಥದೊಂದನ್ನು ನಾನೇ ಹೊಲಿದು ನೋಡಿದ್ದೇನೆ. ಉಸಿರಿನಿಂದ ಮಂಜು ಹಿಡಿಯುತ್ತದೆ, ಒಳಗಡೆ ಸ್ವಲ್ಪ ಸಾಬೂನು ಸವರಿ ಒರೆಸಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಮೊಬೈಲಿನಲ್ಲಿ ಮಾತನ್ನು ಅಕ್ಷರವಾಗಿಸುವ ಸೌಲಭ್ಯವಿದೆಯಲ್ಲ ಎಂದು ಕೆಲವರು ಸಲಹೆ ಕೊಟ್ಟರು. ಅದು ಕನ್ನಡವನ್ನು ಹಿಡಿಯುತ್ತದೆ, ಆದರೆ ತುಳು ಅದಕ್ಕೆ ತಿಳಿಯದು, ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆತ ನಮ್ಮ ಪೇಟೆಯ ಮಾತು ಅದರ ಕೈಗೆ ನಿಲುಕುವುದೇ ಇಲ್ಲ.

ಫಲಕಗಳ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಕೇಳಿಸದವರಿಗೆ ಬರಹವೇ ಆಸರೆ. ನಾನು ಕಂಡ ಅಂಗಡಿಗಳ ಬಾಗಿಲಲ್ಲಿ ಈಗ ಅಂಟಿಸಿರುವ ಮಾಸ್ಕಿನ ಸೂಚನೆಗಳು ಮಲೆಯಾಳದಲ್ಲಿವೆ, ಕೆಲವೆಡೆ ಜತೆಗೆ ಇಂಗ್ಲಿಷಿನಲ್ಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ಸಾಕಷ್ಟಿದ್ದಾರೆ. ತಾವು ಹೊರಡಿಸುವ ಸೂಚನೆ ಕನ್ನಡದಲ್ಲಿಯೂ ಇರಲಿ, ಅದರಲ್ಲಿ ‘ಕಿವಿ ಕೇಳದವರೊಡನೆ ದೂರ ನಿಂತು ಮಾಸ್ಕ್ ಇಳಿಸಿ ಮಾತಾಡಬಹುದು’ ಎಂಬ ಒಂದು ಸಾಲು ಇರಲಿ. ಆ ಸಾಲನ್ನು ಗೋಣಿಗಳ ಮೇಲಿನ ಗೋಡೆಗೆ ಅಂಟಿಸಿಕೊಳ್ಳಲು ಆ ಜಿನಸಿನ ಅಂಗಡಿಯವರಿಗೆ ನಾನೇ ಒಯ್ದು ಕೊಡುತ್ತೇನೆ.

ಕೊನೆಯದಾಗಿ, ಈ ಪತ್ರಕ್ಕೆ ಉತ್ತರವನ್ನು ದಯವಿಟ್ಟು ಬರಹದಲ್ಲಿ ಕಳುಹಿಸಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಅದು ಕನ್ನಡದಲ್ಲಿ ಬರಬೇಕಾದದ್ದು. ಕಳೆದ ವರ್ಷ ಇದೇ ವಿಷಯವಾಗಿ ಒಂದು ಕಚೇರಿಗೆ ನಾನು ಕೊಟ್ಟಿದ್ದ ಅರ್ಜಿಗೆ ಉತ್ತರ ಫೋನಿನಲ್ಲಿ ಬಂದಿತ್ತು. ನಾನು ಫೋನನ್ನು ಕಿವಿಗೆ ಹಿಡಿದು, ಆಚೆಯ ಸದ್ದು ನಿಲ್ಲುವವರೆಗೂ ಕಾದು, ವಂದನೆ ಹೇಳಿ ಇಟ್ಟೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಿಕೆ,
ಎಣ್ಮಕಜೆ ಗ್ರಾಮ ಪಂಚಾಯತ್